‘ಅದು ಬರೀ ಸಿನಿಮಾ ಅಲ್ಲೇನ್ರಿ, ಅಷ್ಟ್ಯಾಕ ಸೀರಿಯಸ್ ತಗೋತೀರಿ?’

ಓದುಗರ ಪ್ರಶ್ನೆ: ಅಕ್ಕಾರ, ಸಿನಿಮಾದಾಗ ಹೀರೋ ಹುಡುಗಿ ಹಿಂದ್ ಬೀಳ್ತಾನ, ಸೀರಿಯಲ್‌ನಾಗ ಸೊಸಿ ಅಳ್ತಾಳ, ಜಾತ್ರಿ ನಾಟಕದಾಗ ಡಬಲ್ ಮೀನಿಂಗ್ ಇರ್ತೈತಿ. ಅದು ಖರೇ ಅಲ್ಲ ಅಂತ ಎಲ್ಲಾರಿಗೂ ಗೊತ್ತು. ಅದ್ರಿಂದ ಹೆಣ್ಮಕ್ಳಿಗೆ ಏನ್ ತೊಂದ್ರಿ ಆಗ್ತೈತಿ? ಟೈಂಪಾಸ್ ಅಂತ ಬಿಟ್ರ ಆಗಂಗಿಲ್ಲೇನು? (ಸಿಂಧನೂರಿನ ಒಬ್ಬ ಓದುಗ)

ತಮ್ಮಾ, ಈ ಪ್ರಶ್ನಿ ಭಾಳ ಮಂದಿ ಕೇಳ್ತಾರ, ಅದ್ರಾಗ ಹೆಣ್ಮಕ್ಳೂ ಅದಾರ. ಒಂದು ಸಿನಿಮಾ ನೋಡಿ ಯಾರೂ ಕೆಡಂಗಿಲ್ಲ, ಅದನ್ನ ನಾನೂ ಒಪ್ತೀನಿ. ಆದ್ರ ಸಣ್ಣಾವ್ರಿದ್ದಾಗಿಂದ ಒಂದ ಥರದ್ದ ನೋಡ್ಕೋತ ಬಂದ್ರ ಯಾವ್ದು ಮಾಮೂಲಿ, ಯಾವ್ದು ತಪ್ಪು ಅನ್ನೋ ಲೆಕ್ಕಾನ ಬದಲಾಗಿಬಿಡ್ತೈತಿ, ಮತ್ತ ಆ ಲೆಕ್ಕ ತಪ್ಪಿದ್ರ ದಂಡ ಕಟ್ಟೋರು ಹುಡುಗ್ಯಾರು.

ಹಿಂದ್ ಬೀಳೋ ಹೀರೋನ್ನ ತಗೋರಿ. ಹುಡುಗಿ ಬ್ಯಾಡ ಅಂತಾಳ, ಇಂವ ಬಿಡಂಗಿಲ್ಲ, ಕಾಲೇಜಿಗೆ ಬರ್ತಾನ, ಮನಿ ಮುಂದ ನಿಂದರ್ತಾನ, ಗೆಳ್ಯಾರನ್ನ ಕರ್ಕೊಂಡು ಹಾಡ್ತಾನ, ಇಂಟರ್ವಲ್ ಅನ್ನೋದ್ರಾಗ ಹುಡುಗಿ ನಕ್ಕು ಒಪ್ಪಿಬಿಡ್ತಾಳ. ಇದ ಕೆಲ್ಸಕ್ಕ ನಮ್ಮ ಕಾನೂನಿನಾಗ ಅಪರಾಧ ಅಂತಾರ. 2012ರ ದಿಲ್ಲಿ ನಿರ್ಭಯಾ ಅತ್ಯಾಚಾರ ಘಟನೆ ಆದ್ಮ್ಯಾಲ 2013ರಾಗ ಕಾನೂನು ತಿದ್ದಿದಾಗ ಇದನ್ನ ಸೇರ್ಸಿದ್ರು, ಈಗ ಭಾರತೀಯ ನ್ಯಾಯ ಸಂಹಿತೆ ಕಲಂ 78ರಾಗ ಐತಿ: ಹೆಣ್ಮಗಳು ಇಷ್ಟ ಇಲ್ಲ ಅಂತ ಸ್ಪಷ್ಟ ತೋರಿಸಿದ್ ಮ್ಯಾಲೂ ಮತ್ತ್ ಮತ್ತ್ ಹಿಂಬಾಲ್ಸಿ ಮಾತಾಡ್ಸಾಕ ನೋಡಿದ್ರ, ಫೋನು ಇಂಟರ್ನೆಟ್‌ನಾಗ ಅಕಿ ಮ್ಯಾಲ ಕಣ್ಣಿಟ್ರ, ಮೊದಲ ಸಲ 3 ವರ್ಷದ ತನಕ ಜೈಲು, ಎರಡನೇ ಸಲ 5 ವರ್ಷದ ತನಕ.

ಈಗ ಇದನ್ನ ನಮ್ಮೂರ ಬಸ್‌ಸ್ಟ್ಯಾಂಡಿಗೆ ತಗೊಂಡ್ ಬರ್ರಿ. ಹಳ್ಳಿಯಿಂದ ಗಂಗಾವತಿಗೋ ಸಿಂಧನೂರಿಗೋ ಪಿಯುಸಿ, ಡಿಗ್ರಿ ಓದಾಕ ಬರೋ ಹುಡುಗಿ, ಹಿಂದ ಒಬ್ಬ ಬೈಕ್ ತಗೊಂಡು ದಿನಾ ಬರ್ತಾನ. ಇಂವ ಕೆಟ್ಟಾಂವ ಇರ್ಲಿಕ್ಕಿಲ್ಲ, ಪ್ರೀತಿ ಅಂದ್ರ ಹಿಂಗ ಅಂತ ಖರೇನ ನಂಬ್ಯಾನ. ಅಕಿಗೆ ಅಂಜಿಕಿ. ಮನ್ಯಾಗ ಹೇಳ್ಬೇಕಂದ್ರ ಮೊದ್ಲು ಬರೋ ಮಾತು ‘ನೀ ಏನ್ ಮಾಡಿದಿ?’ ಅಂತ, ಎರಡನೇದು ‘ನಾಳಿಯಿಂದ ಕಾಲೇಜ್ ಬ್ಯಾಡ’ ಅಂತ, ಅದಾದ್ಮ್ಯಾಲ ಮದ್ವಿಗೆ ಗಂಡು ನೋಡಾಕ ಶುರು. ಅದಕ್ಕ ಅಕಿ ಸುಮ್ನಿರ್ತಾಳ. ಅಕಿ ಸುಮ್ನಿದ್ದದ್ದನ್ನ ಇಂವ ‘ಒಳಗ ಇಷ್ಟ ಐತಿ’ ಅಂತ ತಿಳ್ಕೊತಾನ, ಯಾಕಂದ್ರ ನೋಡಿದ್ದೆಲ್ಲಾ ಅದ ಕಥಿ. ಆ ಹುಡುಗ ನೋಡಿದ ಸಿನಿಮಾನ ಅಪ್ಪ ಅವ್ವನೂ ನೋಡ್ಯಾರಲ್ಲ, ಹಂಗಾಗಿ ಅವ್ರಿಗೂ ಅದು ಹುಡುಗಾಟ್ಕಿ ಅನಸ್ತೈತಿ, ಅಪರಾಧ ಅನ್ಸಂಗಿಲ್ಲ. ತಪ್ಪು ಮಾಡಿದಾಂವ ಅರಾಮ ಬೈಕ್ ಹೊಡ್ಕೊಂಡ್ ಅಡ್ಡಾಡ್ತಾನ, ಓದು ನಿಲ್ಲೋದು ಹುಡುಗಿದು. ಇದನ್ನ ಟೈಂಪಾಸ್ ಅಂತ ಹೆಂಗ್ ಬಿಡೂದು ಹೇಳ್ರಿ.

ಸೀರಿಯಲ್ ಕಡೆ ಬಂದ್ರ, ಗಂಡ ಕಪಾಳಕ್ಕ ಹೊಡಿತಾನ, ಜೋರ್ ಮ್ಯೂಸಿಕ್, ಮೂರು ಸಲ ಅದನ್ನ ತೋರಸ್ತಾರ, ಮರುದಿನದ ಎಪಿಸೋಡಿನಾಗ ಅಕಿ ಚಾ ಮಾಡ್ಕೊಂಡ್ ಬರ್ತಾಳ. 2019ರಿಂದ 21ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗ ಗಂಡ ಹೆಂಡ್ತಿಗೆ ಹೊಡಿಯೋದು ಸರಿ ಏನು ಅಂತ ಏಳು ಕಾರಣ ಇಟ್ಟು ಕೇಳಿದ್ರು. ಹೇಳದ ಹೊರಗ ಹೋದ್ರ, ಅಡಗಿ ಚಲೋ ಮಾಡದಿದ್ರ, ಎದುರು ಮಾತಾಡಿದ್ರ, ಅತ್ತಿ ಮಾವಗ ಮರ್ಯಾದಿ ಕೊಡದಿದ್ರ, ಇಂಥಾವು. ಕರ್ನಾಟಕದಾಗ ಒಂದಾದ್ರೂ ಕಾರಣಕ್ಕ ಹೊಡೆದ್ರ ಸರಿ ಅಂದ ಹೆಣ್ಮಕ್ಳು ನೂರಕ್ಕ 77ರ ಹತ್ರ, ಗಂಡಸ್ರು 82ರ ಹತ್ರ. ಇದನ್ನ ಸೀರಿಯಲ್ಲ ಕಲಿಸ್ತು ಅಂತ ನಾ ಅನ್ನಂಗಿಲ್ಲ, ಟಿವಿ ಬರೂಕಿಂತ ಮೊದ್ಲೂ ಹೊಡ್ತ ಇತ್ತು. ಆದ್ರ ಇಷ್ಟು ಹೆಣ್ಮಕ್ಳು ‘ಹೊಡ್ಸಿಕೊಳ್ಳೋದು ನಮ್ ಪಾಲಿಗೆ ಬಂದದ್ದು’ ಅಂತ ನಂಬಿರೋ ರಾಜ್ಯದಾಗ ದಿನಾ ರಾತ್ರಿ ಅದನ್ನ ತೋರ್ಸಿ, ತಡ್ಕೊಂಡಾಕಿನ ಒಳ್ಳೇಕಿ ಅಂತ ಕಥಿ ಮುಗ್ಸಿದ್ರ ಅವ್ವನ ಪಕ್ಕದಾಗ ಕುಂತು ನೋಡೋ ಮಗಳು ಏನ್ ತಿಳ್ಕೋಬೇಕು?

ಕಂಪ್ನಿ ನಾಟಕದ ಬಗ್ಗೆ ನಂಗ ಸಿಟ್ಟಿಗಿಂತ ಸಂಕಟ ಜಾಸ್ತಿ. ಆ ಕಲಾವಿದರು ಟೆಂಟ್ ಕಟ್ಕೊಂಡು ಜಾತ್ರಿಯಿಂದ ಜಾತ್ರಿಗೆ ತಿರುಗಿ ಹೊಟ್ಟಿ ಹೊರಿತಾರ, ಸೀಟ್ ತುಂಬ್ಬೇಕಂದ್ರ ಅಂಥಾ ಡೈಲಾಗ್ ಬೇಕು ಅಂತ ಮಾಲಕರು ಅಂತಾರ, ಆ ಡೈಲಾಗ್ ಹೊಡೆದಾಂವ ಕಾಮಿಡಿ ಸ್ಟಾರ್ ಆಗ್ತಾನ, ಎದುರಿಗೆ ನಿಂತ ನಟಿಗೆ ಮಾತ್ರ ಊರಾಗ ಮನಿ ಬಾಡಿಗಿ ಕೊಡಾಕ ಹಿಂದ ಮುಂದ ನೋಡ್ತಾರ. ಹಂಗಂತ ನಮ್ ಕಡೆ ಕಲಾ ಅಂದ್ರ ಇಷ್ಟ ಅಲ್ಲ. ಕೊಪ್ಪಳ ಹತ್ರದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಜೀವನಪೂರ್ತಿ ತೊಗಲುಗೊಂಬಿ ಆಡ್ಸಿ ರಾಮಾಯಣ ಮಹಾಭಾರತ ಹೇಳಿದಾಕಿ, 2025ರಾಗ ಪದ್ಮಶ್ರೀ ಬಂತು. ಅಲ್ಲಿ ಗೊಂಬಿ ಕೋಲು ಹೆಣ್ಮಗಳ ಕೈಯಾಗಿತ್ತು, ಕಥಿ ಅಕಿ ಬಾಯಾಗಿತ್ತು. ಕಥಿ ಯಾರು ಹೇಳ್ತಾರ ಅನ್ನೋದ್ರ ಮ್ಯಾಲ ಭಾಳ ನಿಂತಿರ್ತೈತಿ.

ಇನ್ನ ನ್ಯೂಸ್. ಶಕ್ತಿ ಯೋಜನೆ 2023ರ ಜೂನ್ 11ಕ್ಕ ಶುರು ಆದ್ಮ್ಯಾಲ ಬಸ್ಸಿನಾಗ ಇಬ್ರು ಹೆಣ್ಮಕ್ಳು ಸೀಟಿಗೆ ಜಗಳಾಡೋ ವಿಡಿಯೋ ಎಷ್ಟು ಸಲ ಟಿವಿಯಾಗ, ವಾಟ್ಸಾಪಿನಾಗ ಬಂದಾವು ನೆನಪು ಮಾಡ್ಕೋರಿ. ಫ್ರೀ ಬಸ್ ಅಂತ ತಿರಗಾಕ ಹೊಂಟಾರ ಅನ್ನೋ ಕಮೆಂಟ್ ಬ್ಯಾರೆ. ಬಸ್ ಕಮ್ಮಿ ಇದ್ರ ಯಾರಾದ್ರೂ ಜಗಳ ಮಾಡ್ತಾರ, ಗಂಡಸ್ರೂ ಮಾಡ್ತಾರ, ಅದು ವೈರಲ್ ಆಗಂಗಿಲ್ಲ. ಅದ ಬಸ್ಸಿನಾಗ ಬಳ್ಳಾರಿ ಜೀನ್ಸ್ ಯೂನಿಟ್ಟಿಗೆ ಹೊಲಿಗಿಗೆ ಹೋಗೋರು, ಆಸ್ಪತ್ರಿಗೆ ಹೋಗೋ ಮುದುಕ್ಯಾರು, ಕಾಲೇಜ್ ಹುಡುಗ್ಯಾರು ಇರ್ತಾರ, ಅವ್ರ ಸುದ್ದಿ ಎಲ್ಲೈತಿ? ತುಂಗಭದ್ರಾ ನೀರಾವರಿ ಕಡೆ ಭತ್ತದ ನಾಟಿಗೆ ನಡ ಬಗ್ಗಿಸಿ ನಿಂತೋರು ಹೆಂಗಸ್ರು, ಕಳಿ ತಗಿಯೋರು, ಹತ್ತಿ ಮೆಣಸಿನಕಾಯಿ ಬಿಡ್ಸೋರು ಅವ್ರ. ಆದ್ರ ಬೆಳಿ ಹಾಳಾದಾಗ ‘ರೈತ ಕಂಗಾಲು’ ಅಂತ ಬರ್ತೈತಿ, ಮೈಕ್ ಹಿಡಿಯೋದು ಗಂಡಸಿಗೆ, ಅಕಿ ಹಿಂದ ಸೆರಗ ಹೊದ್ಕೊಂಡು ನಿಂತಿರ್ತಾಳ. ಕಾಣಸ್ಲಿಲ್ಲ ಅಂದ್ರ ದುಡ್ದಿಲ್ಲ ಅಂತ ಆಗಿಬಿಡ್ತೈತಿ, ಕೂಲಿ ಕಮ್ಮಿ ಕೊಡಾಕೂ ಅದ ನೆವ.

ಮನಿ ಒಳಗಿನ ದುಡಿಮಿ ಅಂತೂ ಯಾರ ಲೆಕ್ಕಕ್ಕೂ ಇಲ್ಲ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ ತಮ್ಮ ಮನಿಯಾಗ ಪಗಾರಿಲ್ಲದ ಕೆಲ್ಸ ಮಾಡೋರ ಪೈಕಿ ಹೆಣ್ಮಕ್ಳು ದಿನಕ್ಕ 289 ನಿಮಿಷ ಮಾಡ್ತಾರ, ಗಂಡಸ್ರು 88 ನಿಮಿಷ. ಜಾಹೀರಾತಿನಾಗ ಈ 289 ನಿಮಿಷ ಅಕಿ ನಕ್ಕೋತ ಮಾಡ್ತಾಳ.

ಇದ್ರ ಬಗ್ಗೆ ರೂಲ್ಸ್ ಇಲ್ಲ ಅಂತ ತಿಳ್ಕೋಬ್ಯಾಡ್ರಿ. 1994ರ ಕೇಬಲ್ ಟಿವಿ ನಿಯಮದಾಗ ಹೆಣ್ಮಕ್ಳನ್ನ ತಗ್ಗಿ ಬಗ್ಗಿ ನಡಿಯೋರು, ಮನ್ಯಾಗೂ ಸಮಾಜದಾಗೂ ಎರಡನೇ ದರ್ಜೆಯವ್ರು ಅನ್ನೋಹಂಗ ಜಾಹೀರಾತಿನಾಗ ತೋರಸ್ಬಾರ್ದು ಅಂತ ಬರ್ದೈತಿ, 30 ವರ್ಷ ದಾಟೇತಿ. ಜಾಹೀರಾತು ಕಂಪನಿಗಳ ಸ್ವಂತ ಸಂಸ್ಥೆ ಎಎಸ್‌ಸಿಐ 2022ರಾಗ ಇನ್ನೂ ಬಿಡ್ಸಿ ಹೇಳೇತಿ: ಮನಿಮಂದಿ ಎಲ್ಲಾ ಹೊಲಸು ಮಾಡೋದು, ಸ್ವಚ್ಛ ಮಾಡೋ ಜವಾಬ್ದಾರಿ ಹೆಂಗಸಿಂದ ಅಷ್ಟ ಅನ್ನೋ ಥರ ತೋರಸ್ಬ್ಯಾಡ್ರಿ ಅಂತ. ಜಾಹೀರಾತಿನ ಮ್ಯಾಲ ಅಲ್ಲಿಗೆ, ಸೀರಿಯಲ್ ರಿಯಾಲಿಟಿ ಶೋ ಮ್ಯಾಲ ಟಿವಿ ಚಾನೆಲ್‌ಗಳ ದೂರು ಮಂಡಳಿ ಬಿಸಿಸಿಸಿಗೆ ಯಾರ್ ಬೇಕಾದ್ರೂ ದೂರು ಕೊಡಬಹುದು, ಎರಡೂ ಆನ್‌ಲೈನ್ ಐತಿ, ವಕೀಲರು ಬೇಕಾಗಂಗಿಲ್ಲ. ಚಾನೆಲ್ ಹೆಸ್ರು, ತಾರೀಖು, ಟೈಂ, ಏನ್ ತೋರ್ಸಿದ್ರು ಅನ್ನೋದನ್ನ ನೋಡಿದ ದಿನಾನ ಬರ್ದಿಟ್ಕೋರಿ, ಆಮ್ಯಾಲ ನೆನಪು ಮಾಡ್ಕೊಂಡು ಬರೆಯಾಕ ಹೋದ್ರ ಎಪಿಸೋಡ್ ಸಿಗಂಗಿಲ್ಲ.