ಪ್ರೊಪೆಲ್ಲರ್ ಶಾಫ್ಟ್ ಕೋನ: ಎತ್ತರಿಸಿದ ಜೀಪು ಏಕೆ ನಡುಗುತ್ತದೆ?

ಸಂಡೂರಿನ ಗುಡ್ಡದ ದಾರಿಗೆಂದೋ ಸಣಾಪುರದ ಬಂಡೆಗಳ ನಡುವಿನ ಹಾದಿಗೆಂದೋ ಜೀಪನ್ನು ಮೂರು ಇಂಚು ಎತ್ತರಿಸಿದ ಬಹಳಷ್ಟು ಜನರಿಗೆ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ಕಲ್ಲಿನ ಮೇಲೆ ಗಾಡಿ ಚೆನ್ನಾಗಿಯೇ ಏರುತ್ತದೆ. ಹೊಸಪೇಟೆ–ಬಳ್ಳಾರಿ ಹೆದ್ದಾರಿಗೆ ಬಂದು ವೇಗ 60 ಕಿಲೋಮೀಟರ್ ದಾಟಿತೆಂದರೆ ಸೀಟಿನ ಕೆಳಗಿನಿಂದ ಗುಂಯ್‌ಗುಡುವ ನಡುಕ ಶುರುವಾಗುತ್ತದೆ. ಚಕ್ರ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ಶಾಫ್ಟಿನ ಜಾಯಿಂಟಿನಲ್ಲಿರುವ ಕ್ರಾಸ್ ಎಂಬ ತುಂಡನ್ನು ಬದಲಿಸಿದರೆ ಕೆಲವು ದಿನ ತಗ್ಗಿ ಮತ್ತೆ ಬರುತ್ತದೆ, ಹೊಸ ಕ್ರಾಸೂ ಬೇಗನೆ ಸವೆಯುತ್ತದೆ. ಹೀಗೆ ಕ್ರಾಸಿನ ಮೇಲೆ ಕ್ರಾಸ್ ಹಾಕಿಸುವ ಮೊದಲು ತಿಳಿಯಬೇಕಾದದ್ದು ಪ್ರೊಪೆಲ್ಲರ್ ಶಾಫ್ಟಿನ ಕೋನ.

ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ, ಅದನ್ನು ಎರಡು ಚಕ್ರಗಳಿಗೆ ಹಂಚುವ ಆಕ್ಸಲ್‌ನ ಡಿಫರೆನ್ಷಿಯಲ್‌ವರೆಗೆ ಶಕ್ತಿಯನ್ನು ಸಾಗಿಸುವ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡೂ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಜಾಯಿಂಟಿನ ಎರಡು ಕವಲುಗಳನ್ನು ಜೋಡಿಸುವ ನಾಲ್ಕು ತೋಳಿನ ತುಂಡನ್ನೇ ಗ್ಯಾರೇಜುಗಳಲ್ಲಿ ಕ್ರಾಸ್ ಎನ್ನುವುದು. ಜಾಯಿಂಟಿನ ಆಚೆಗಿನ ಮತ್ತು ಈಚೆಗಿನ ಶಾಫ್ಟುಗಳ ನಡುವೆ ಎಷ್ಟು ಡಿಗ್ರಿ ಬಾಗು ಇದೆಯೋ ಅದು ಆ ಜಾಯಿಂಟಿನ ಕೋನ. ಸ್ಪ್ರಿಂಗ್ ಎತ್ತರಿಸಿದಾಗ ಟ್ರಾನ್ಸ್‌ಫರ್ ಕೇಸು ಚಾಸಿಯ ಜೊತೆ ಮೇಲೇರುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ, ನಡುವಿನ ಶಾಫ್ಟು ಇನ್ನಷ್ಟು ಓರೆಯಾಗುತ್ತದೆ. 80 ಸೆಂಟಿಮೀಟರ್ ಉದ್ದದ ಶಾಫ್ಟಿಗೆ 75 ಮಿಲಿಮೀಟರ್ ಲಿಫ್ಟ್ ಎಂದರೆ 5 ಡಿಗ್ರಿಗೂ ಹೆಚ್ಚು ಓರೆ. ಶಾಫ್ಟು 50 ಸೆಂಟಿಮೀಟರಿನದಾದರೆ ಅದೇ ಲಿಫ್ಟಿಗೆ 8 ಡಿಗ್ರಿ ದಾಟುತ್ತದೆ. ಗಿಡ್ಡ ಚಾಸಿಯ ಜೀಪುಗಳು ಹೆಚ್ಚು ನರಳುವುದು ಇದರಿಂದಲೇ. ದೊಡ್ಡ ಟೈರು ಹಾಕಿದರೆ ಅಥವಾ ಚಾಸಿಯ ಮೇಲೆ ಬಾಡಿಯನ್ನಷ್ಟೇ ಎತ್ತರಿಸಿದರೆ ಈ ಕೋನ ಬದಲಾಗುವುದಿಲ್ಲ, ಏಕೆಂದರೆ ಟ್ರಾನ್ಸ್‌ಫರ್ ಕೇಸು ಮತ್ತು ಆಕ್ಸಲ್ ನಡುವಿನ ಅಂತರ ಹಾಗೆಯೇ ಇರುತ್ತದೆ.

ಕೋನ ಹೆಚ್ಚಿದರೆ ನಡುಕ ಏಕೆ? ನೇರವಾಗಿರುವ ಜಾಯಿಂಟು ತಿರುಗುವ ವೇಗವನ್ನು ಇದ್ದ ಹಾಗೆಯೇ ದಾಟಿಸುತ್ತದೆ. ಬಾಗಿದಾಗ ಹಾಗಾಗುವುದಿಲ್ಲ. ಕ್ರಾಸಿನ ಎರಡು ತೋಳುಗಳು ಮುಂದಿನ ಶಾಫ್ಟಿಗೆ ಲಂಬವಾದ ಸಮತಲದಲ್ಲಿ ಸುತ್ತಬೇಕು, ಉಳಿದೆರಡು ಹಿಂದಿನ ಶಾಫ್ಟಿಗೆ ಲಂಬವಾದ ಸಮತಲದಲ್ಲಿ. ಈ ಎರಡು ಸಮತಲಗಳು ಒಂದಕ್ಕೊಂದು ಓರೆಯಾಗಿದ್ದರೆ, ಮುಂದಿನ ಶಾಫ್ಟು ಎಷ್ಟೇ ಸಮವಾಗಿ ತಿರುಗಿದರೂ ಹಿಂದಿನದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂದೆ ಬೀಳುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ಎರಡೂ ಸಮನಾಗಿರುತ್ತವೆ, ಆದರೆ ಸುತ್ತಿನ ಒಳಗೆ ವೇಗ ಏರಿಳಿಯುತ್ತದೆ. 10 ಡಿಗ್ರಿ ಕೋನದಲ್ಲಿ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಸುಮಾರು ಶೇಕಡಾ 1.5. 20 ಡಿಗ್ರಿಯಲ್ಲಿ ಶೇಕಡಾ 6ರಷ್ಟು. ಕೋನ ಎರಡರಷ್ಟಾದರೆ ಏರಿಳಿತ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಿ. ಮೂರು ಇಂಚಿನಲ್ಲಿ ಸಹಿಸಬಹುದಾಗಿದ್ದ ನಡುಕ ಐದು ಇಂಚಿಗೆ ಅಸಹನೀಯವಾಗುವುದರ ಹಿಂದೆ ಈ ಲೆಕ್ಕವಿದೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. 17ನೇ ಶತಮಾನದಲ್ಲೇ ರಾಬರ್ಟ್ ಹುಕ್ ಈ ಜಾಯಿಂಟಿನ ವೇಗ ಸಮವಾಗಿರುವುದಿಲ್ಲ ಎಂದು ಗುರುತಿಸಿದ್ದ, ಆ ಅಸಮತೆಯನ್ನೇ ನೆರಳು ಗಡಿಯಾರದ ನೆರಳಿನ ಚಲನೆಗೆ ಹೊಂದಿಸಬಹುದೆಂದೂ ಕಂಡುಕೊಂಡಿದ್ದ. ಕೈಯಲ್ಲೇ ಅನುಭವಿಸಬೇಕೆಂದರೆ ಸಾಕೆಟ್ ಸೆಟ್ಟಿನಲ್ಲಿರುವ ಯೂನಿವರ್ಸಲ್ ಜಾಯಿಂಟನ್ನು ಚೆನ್ನಾಗಿ ಬಾಗಿಸಿ ಒಂದು ಬೋಲ್ಟನ್ನು ತಿರುಗಿಸಿ ನೋಡಿ. ಹಿಡಿಕೆ ಬಿಗಿಯಾಗುವುದೂ ಸಡಿಲವಾಗುವುದೂ ಪ್ರತಿ ಸುತ್ತಿಗೆ ಎರಡು ಬಾರಿ ಗೊತ್ತಾಗುತ್ತದೆ.

ಶಾಫ್ಟಿನ ಎರಡೂ ತುದಿಗೆ ಜಾಯಿಂಟ್ ಇಟ್ಟಿರುವುದರ ಜಾಣ್ಮೆ ಈಗ ತಿಳಿಯುತ್ತದೆ. ಮುಂದಿನ ಜಾಯಿಂಟು ಹುಟ್ಟಿಸಿದ ಏರಿಳಿತವನ್ನು ಹಿಂದಿನ ಜಾಯಿಂಟು ಅಷ್ಟೇ ಪ್ರಮಾಣದಲ್ಲಿ ತಿರುಗಿಸಿ ಅಳಿಸಿಹಾಕುತ್ತದೆ. ಆದರೆ ಅದಕ್ಕೆ ಎರಡೂ ಕೋನಗಳು ಸಮನಾಗಿರಬೇಕು. ಬದಿಯಿಂದ ನೋಡಿದಾಗ ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ಶಾಫ್ಟೂ ಡಿಫರೆನ್ಷಿಯಲ್‌ನ ಒಳಕ್ಕೆ ಶಕ್ತಿ ತರುವ ಪಿನಿಯನ್ ಶಾಫ್ಟೂ ಸಮಾನಾಂತರವಾಗಿದ್ದರೆ ಕೋನಗಳು ತಾವಾಗಿಯೇ ಸಮನಾಗುತ್ತವೆ. ಒಂದು ಡಿಗ್ರಿಯ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೊತೆಗೆ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ಶಾಫ್ಟಿನ ಎರಡು ತುಂಡುಗಳು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆಯನ್ನು, ಅಂದರೆ ಸ್ಪ್ಲೈನನ್ನು, ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಅಳಿಸಬೇಕಾದ ಏರಿಳಿತ ಪೂರ್ತಿ ಅಳಿಯುವುದಿಲ್ಲ. ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ, ಅಥವಾ ಎಳೆಯಲು ಮೆಕ್ಯಾನಿಕ್‌ಗೆ ಹೇಳಿ. ಒಂದು ನಿಮಿಷದ ಈ ಕೆಲಸ ಎಷ್ಟೋ ಅಲೆದಾಟವನ್ನು ತಪ್ಪಿಸುತ್ತದೆ.

ನಡುಕ ಚಕ್ರದಿಂದಲೋ ಶಾಫ್ಟಿನಿಂದಲೋ ಎಂದು ಗುರುತಿಸುವುದು ಕಷ್ಟವಲ್ಲ. 30 ಇಂಚಿನ ಟೈರು 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್‌ನ ಅನುಪಾತ 4.3 ಎಂದುಕೊಂಡರೆ ಶಾಫ್ಟು ಸೆಕೆಂಡಿಗೆ 30 ಸುತ್ತು. ಸುತ್ತಿಗೆ ಎರಡರಂತೆ ಜಾಯಿಂಟಿನ ಮಿಡಿತ 60. ಆದ್ದರಿಂದ ಚಕ್ರದ ದೋಷ ನಿಧಾನವಾದ ಅಲುಗಾಟವಾಗಿ, ಹೆಚ್ಚಾಗಿ ಸ್ಟೀರಿಂಗಿನಲ್ಲಿ ಕಾಣಿಸುತ್ತದೆ. ಕೋನದ ದೋಷ ನೆಲದಿಂದ, ಸೀಟಿನಿಂದ, ಗೇರ್ ಲಿವರಿನಿಂದ ಗುಂಯ್‌ಗುಡುತ್ತದೆ. ಅದೇ ವೇಗದಲ್ಲಿ ಗೇರ್ ಬದಲಿಸಿದರೂ, ನ್ಯೂಟ್ರಲ್‌ಗೆ ತಂದರೂ ನಡುಕ ಉಳಿದರೆ ಇಂಜಿನ್ನಿನ ತಪ್ಪಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಬಿಟ್ಟ ಕೂಡಲೇ ಹೋಗುವ ನಡುಕವಾದರೆ, ಎಳೆತದ ಬಲಕ್ಕೆ ಆಕ್ಸಲ್ ತಿರುಚಿಕೊಂಡು ಪಿನಿಯನ್ನಿನ ಮೂತಿ ಮೇಲೇಳುತ್ತಿದೆಯೇ ಎಂದು ನೋಡಬೇಕು. ಲೀಫ್ ಸ್ಪ್ರಿಂಗ್ ಗಾಡಿಗಳಲ್ಲಿ ಇದು ಸಾಮಾನ್ಯ.

ಅಳೆಯುವಾಗ ಗಾಡಿ ಸಮತಟ್ಟಾದ ನೆಲದಲ್ಲಿ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಜೋತುಬಿದ್ದಿರುವಾಗ ತೆಗೆದ ಅಳತೆಯಿಂದ ಪ್ರಯೋಜನವಿಲ್ಲ. ಅಯಸ್ಕಾಂತವಿರುವ ಕೋನಮಾಪಕ ಒಳ್ಳೆಯದು, ಮೊಬೈಲಿನ ಲೆವೆಲ್ ಆ್ಯಪ್ ಕೂಡ ಮೊದಲ ಅಂದಾಜಿಗೆ ಸಾಕು. ಟ್ರಾನ್ಸ್‌ಫರ್ ಕೇಸಿನ ಶಾಫ್ಟ್ ಹಿಂದಕ್ಕೆ 4 ಡಿಗ್ರಿ ಇಳಿಜಾರಾಗಿದೆ, ಪ್ರೊಪೆಲ್ಲರ್ ಶಾಫ್ಟ್ 13 ಡಿಗ್ರಿ, ಪಿನಿಯನ್ 1 ಡಿಗ್ರಿ ಎಂದು ಬಂತೆನ್ನೋಣ. ಮುಂದಿನ ಜಾಯಿಂಟಿನ ಕೋನ 13ರಿಂದ 4 ಕಳೆದು 9, ಹಿಂದಿನದು 13ರಿಂದ 1 ಕಳೆದು 12. ಮೂರು ಡಿಗ್ರಿಯ ವ್ಯತ್ಯಾಸ ಅಳಿಯದೆ ಉಳಿದು ಗಾಡಿಯನ್ನು ನಡುಗಿಸುತ್ತಿದೆ. ಪಿನಿಯನ್ನಿನ ಮೂತಿಯನ್ನು 3 ಡಿಗ್ರಿ ಮೇಲೆತ್ತಿದರೆ ಎರಡೂ 9ಕ್ಕೆ ಬರುತ್ತವೆ.

ಲೀಫ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ, ಉದಾಹರಣೆಗೆ ಹಳೆಯ ಮಹೀಂದ್ರ ಜೀಪುಗಳು, ಜಿಪ್ಸಿ, 2010ರಿಂದ 2020ರವರೆಗಿನ ಥಾರ್‌ನ ಹಿಂಭಾಗ, ಈ ಕೆಲಸಕ್ಕೆ ಸ್ಪ್ರಿಂಗಿಗೂ ಆಕ್ಸಲಿನ ಪ್ಯಾಡಿಗೂ ನಡುವೆ ಶಿಮ್ ಎಂಬ ಓರೆಯಾದ ಲೋಹದ ಬಿಲ್ಲೆ ಇಡುತ್ತಾರೆ. ಹಿಂದಿನ ಆಕ್ಸಲಿನಲ್ಲಿ ಸ್ಪ್ರಿಂಗ್ ಮೇಲಿದ್ದರೆ ಶಿಮ್ಮಿನ ದಪ್ಪ ಭಾಗ ಗಾಡಿಯ ಹಿಂಬದಿಗೆ ಬರಬೇಕು, ಸ್ಪ್ರಿಂಗ್ ಕೆಳಗಿದ್ದರೆ ಮುಂಬದಿಗೆ. ತಿರುವು ಮುರುವಾದರೆ ಮೂತಿ ಏಳುವ ಬದಲು ಇಳಿಯುತ್ತದೆ. ಅಲ್ಯೂಮಿನಿಯಂ ಶಿಮ್ ಬೇಡವೇ ಬೇಡ, ಒರಟು ದಾರಿಯಲ್ಲಿ ಅದು ಬಿರುಕು ಬಿಟ್ಟರೆ ಆಕ್ಸಲ್ ಸಡಿಲವಾಗುತ್ತದೆ. ಉಕ್ಕಿನದನ್ನೇ ಹಾಕಿ, ಸ್ಪ್ರಿಂಗಿನ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ಬದಲು ಶಿಮ್ಮಿನ ದಪ್ಪದಷ್ಟು ಹೆಚ್ಚು ಉದ್ದದ್ದನ್ನು ಹಾಕಿ. 2020ರ ನಂತರದ ಥಾರ್‌ನ ಹಿಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಅಲ್ಲಿ ಶಿಮ್ಮಿಗೆ ಜಾಗವಿಲ್ಲ. ಆಕ್ಸಲನ್ನು ಚಾಸಿಗೆ ಹಿಡಿದಿಡುವ, ಉದ್ದ ಹೊಂದಿಸಬಹುದಾದ ಲಿಂಕ್ ಆರ್ಮುಗಳಿಂದಲೇ ಅದನ್ನು ತಿರುಗಿಸಬೇಕು.

ಟ್ರಾನ್ಸ್‌ಫರ್ ಕೇಸನ್ನು ಹೊತ್ತ ಅಡ್ಡಪಟ್ಟಿಗೂ (ಕ್ರಾಸ್ ಮೆಂಬರ್) ಚಾಸಿಗೂ ನಡುವೆ ತುಂಡುಗಳನ್ನಿಟ್ಟು ಕೇಸನ್ನು ತಗ್ಗಿಸುವ ದಾರಿಯೂ ಇದೆ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಯಾವ ನೆಲದ ಅಂತರಕ್ಕಾಗಿ ಗಾಡಿಯನ್ನು ಎತ್ತರಿಸಿದಿರೋ ಅದನ್ನು ಹೊಟ್ಟೆಯ ನಡುವೆ ಮರಳಿ ಕಳೆದುಕೊಳ್ಳುತ್ತೀರಿ. ಆನೆಗೊಂದಿಯ ಬಂಡೆಗಳ ಮೇಲೆ ಮೊದಲು ತಾಗುವುದೂ ಅದೇ ಭಾಗ. ನನ್ನ ಅಭಿಪ್ರಾಯದಲ್ಲಿ ಅದು ತಾತ್ಕಾಲಿಕ ಉಪಾಯವಷ್ಟೇ.

ಕೋನಗಳು ಸಮನಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಎರಡು ಜಾಯಿಂಟುಗಳ ನಡುವಿನ ಕೊಳವೆ ಆಗಲೂ ವೇಗ ಏರಿಸುತ್ತ ಇಳಿಸುತ್ತ ತಿರುಗುತ್ತಿರುತ್ತದೆ, ಅದರ ತೂಕವೇ ನಡುಕ ಹುಟ್ಟಿಸಬಲ್ಲದು. ನಿಮಿಷಕ್ಕೆ 3000 ಸುತ್ತು ತಿರುಗುವ ಶಾಫ್ಟಿಗೆ ಪ್ರತಿ ಜಾಯಿಂಟಿನಲ್ಲಿ ಸುಮಾರು 6 ಡಿಗ್ರಿ ಮಿತಿ ಎಂದು ಲೆಕ್ಕ ಹಾಕುತ್ತಾರೆ. ಮೇಲಿನ ಉದಾಹರಣೆಯ ಗಾಡಿ 100 ಕಿಲೋಮೀಟರ್ ವೇಗಕ್ಕೆ ಬಂದಾಗ ಶಾಫ್ಟಿನ ವೇಗ ಅದೇ ಆಗಿರುತ್ತದೆ, ಆದ್ದರಿಂದ 9 ಡಿಗ್ರಿ ಅಲ್ಲಿ ಹೆಚ್ಚಾಯಿತು. ಹಾಗೆಂದು ಕೋನ ಸೊನ್ನೆಯೂ ಆಗಬಾರದು. ಒಂದಿಷ್ಟು ಬಾಗು ಇದ್ದರೇನೇ ಕ್ರಾಸಿನ ಸೂಜಿ ಬೇರಿಂಗುಗಳು ಉರುಳುತ್ತವೆ. ಇಲ್ಲವಾದರೆ ಒಂದೇ ಜಾಗದಲ್ಲಿ ಒತ್ತಿಕೊಂಡು ಗುಂಡಿ ಬೀಳಿಸುತ್ತವೆ.

ಕೋನ ತೀರಾ ಹೆಚ್ಚಾದಾಗ ಸರಿಯಾದ ಪರಿಹಾರ ಡಬಲ್ ಕಾರ್ಡನ್ ಶಾಫ್ಟ್. ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಎರಡು ಜಾಯಿಂಟುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತು ತಮ್ಮ ಏರಿಳಿತವನ್ನು ತಮ್ಮೊಳಗೇ ಅಳಿಸಿಕೊಳ್ಳುತ್ತವೆ. ಇಲ್ಲಿ ಸಮಾನಾಂತರದ ನಿಯಮವೇ ಬದಲಾಗುತ್ತದೆ: ಹಿಂದಿನ ಒಂಟಿ ಜಾಯಿಂಟು ಬಾಗಬಾರದು, ಪಿನಿಯನ್ ನೇರವಾಗಿ ಶಾಫ್ಟಿನತ್ತಲೇ ಮುಖ ಮಾಡಿರಬೇಕು. ಎಳೆತಕ್ಕೆ ಮೂತಿ ಮೇಲೇಳುವುದರಿಂದ ನಿಂತಾಗ 1–2 ಡಿಗ್ರಿ ತಗ್ಗಿಸಿ ಇಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಪಿನಿಯನ್ 11–12 ಡಿಗ್ರಿಗೆ ಬರಬೇಕಾಗುತ್ತದೆ. ಡಬಲ್ ಕಾರ್ಡನ್ ಹಾಕಿ ಪಿನಿಯನ್ನನ್ನು ಹಳೆಯ ಕೋನದಲ್ಲೇ ಬಿಟ್ಟರೆ ನಡುಕ ಹೋಗುವುದಿಲ್ಲ. ಮೂತಿ ಅಷ್ಟು ಮೇಲೆದ್ದಾಗ ಪಿನಿಯನ್ನಿನ ಮುಂಬದಿಯ ಬೇರಿಂಗಿಗೆ ಆಯಿಲ್ ತಲುಪುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಮುಂದಿನ ಗಟ್ಟಿ ಆಕ್ಸಲಿನ ಕಥೆ ಬೇರೆ. ಅಲ್ಲಿ ಪಿನಿಯನ್ ಎತ್ತಿದಷ್ಟೂ ಕ್ಯಾಸ್ಟರ್ ಕೋನ, ಅಂದರೆ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಹೆದ್ದಾರಿಯಲ್ಲಿ ಮುಂದಿನ ಶಾಫ್ಟ್ ತಿರುಗದಂತೆ ಮಾಡುವ ಫ್ರೀ ವೀಲಿಂಗ್ ಹಬ್ ಇದ್ದರೆ ಕ್ಯಾಸ್ಟರನ್ನೇ ಉಳಿಸಿಕೊಳ್ಳಿ. ನಿಧಾನ ವೇಗದ ಫೋರ್ ವೀಲ್ ಓಟದಲ್ಲಿ ಒಂದಿಷ್ಟು ನಡುಕವನ್ನು ಸಹಿಸಬಹುದು.

ಕೋನವೆಲ್ಲ ಸರಿಯಿದ್ದೂ ನಡುಕ ಬಂದರೆ ಒಮ್ಮೆ ಗಾಡಿಯ ಕೆಳಗೆ ಬಗ್ಗಿ ನೋಡಿ. ಸಿರುಗುಪ್ಪ, ಸಿಂಧನೂರು ಕಡೆಯ ಎರೆಮಣ್ಣು ಶಾಫ್ಟಿಗೂ ರಿಮ್ಮಿನ ಒಳಮೈಗೂ ಅಂಟಿ ಒಣಗಿದರೆ ಅದರ ತೂಕವೇ ಬ್ಯಾಲೆನ್ಸ್ ಕೆಡಿಸುತ್ತದೆ. ಶಾಫ್ಟಿಗೆ ಬೆಸೆದ ಸಣ್ಣ ತೂಕದ ತಗಡು ಕಲ್ಲಿಗೆ ತಾಗಿ ಉದುರಿದ್ದರೂ ಹಾಗೆಯೇ. ಸಂಡೂರಿನ ಅದಿರಿನ ಧೂಳು ಸೀಲಿನ ಒಳಗೆ ಹೋದರೆ ಗ್ರೀಸನ್ನೇ ಉಜ್ಜುವ ಪುಡಿಯಾಗಿಸುತ್ತದೆ, ಆದ್ದರಿಂದ ಹಳೆಯ ಗ್ರೀಸ್ ಹೊರಬರುವವರೆಗೂ ಹೊಸದನ್ನು ತುಂಬಿಸಿ.

ಲಿಫ್ಟ್ ಮಾಡಿಸುವ ಮೊದಲೇ ಇನ್ನೊಂದು ಮಾತು. ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ನಿರ್ಬಂಧಿಸುತ್ತದೆ, ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಲಿಫ್ಟ್ ಆದ ಮೇಲೆ ಸ್ಪ್ಲೈನ್ ಎಷ್ಟು ಒಳಗಿದೆ ಎಂದು ತಪ್ಪದೆ ಅಳೆಯಿರಿ. ಆಕ್ಸಲ್ ಪೂರ್ತಿ ಜೋತುಬಿದ್ದಾಗ ಅದು ಕಳಚಿಕೊಳ್ಳುವಷ್ಟು ಹೊರಬರುತ್ತಿದ್ದರೆ ಶಾಫ್ಟನ್ನು ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಲೇಬೇಕು. ಶಿಮ್ ಹಾಕಿದ ಮೇಲೆ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿಡುವ ಯೂ ಬೋಲ್ಟುಗಳನ್ನು ಮೊದಲ ನೂರಿನ್ನೂರು ಕಿಲೋಮೀಟರ್ ಓಟದ ನಂತರ ಮತ್ತೊಮ್ಮೆ ಬಿಗಿ ಮಾಡಿಸಿ.