ಮೈನರ್ ಸೆಟ್: ಉದ್ದ ಸಾಲಿನೊಳಗಿನ ಪುಟ್ಟ ಗುಂಪು

ಇಂಗ್ಲಿಷ್ ಕಂಟ್ರಿ ಡಾನ್ಸ್, ಅಂದರೆ ಇಂಗ್ಲೆಂಡಿನ ಹಳೆಯ ಗುಂಪು ಕುಣಿತ, ಕಲಿಯಲು ಹೋದವರಿಗೆ ಬೇಗನೆ ಎದುರಾಗುವ ಪದ 'ಮೈನರ್ ಸೆಟ್'. ಸಂಗೀತದ ಮೈನರ್ ಸ್ಕೇಲಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಮೈನರ್ ಅಂದರೆ ಸುಮ್ನೆ ಚಿಕ್ಕದು ಅಂತ. ಉದ್ದ ಸಾಲಿನಲ್ಲಿ ನಿಂತವರ ಪೈಕಿ, ಒಂದು ಸುತ್ತು ಒಟ್ಟಿಗೆ ಕುಣಿಯುವ ಚಿಕ್ಕ ಗುಂಪೇ ಮೈನರ್ ಸೆಟ್.

ಮದುವೆ ಮನೆಯ ಊಟದಲ್ಲಿ ಎದುರುಬದುರು ಕೂತ ಎರಡು ಪಂಕ್ತಿ ನೆನಪಿಸಿಕೊಳ್ಳಿ. ಹಾಗೆಯೇ ಎರಡು ಸಾಲು. ನಿಮ್ಮ ಎದುರಿಗಿರುವವರೇ ನಿಮ್ಮ ಜೋಡಿ. ಇಡೀ ಸಾಲಿಗೆ ಲಾಂಗ್‌ವೇಸ್ ಸೆಟ್ ಎಂದು ಹೆಸರು. ವಾದ್ಯದವರಿರುವ ಕಡೆ ಮೇಲ್ತುದಿ. ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ 1651ರಲ್ಲಿ ಹೊರತಂದ ಪುಸ್ತಕದಲ್ಲಿ ಕೆಲವು ಕುಣಿತಗಳಿಗೆ ಆರು ಜನ, ಕೆಲವಕ್ಕೆ ಎಂಟು ಜನ ಎಂದು ಲೆಕ್ಕವಿದೆ. ಇನ್ನು ಕೆಲವಕ್ಕೆ 'ಎಷ್ಟು ಜನ ಬಂದರೆ ಅಷ್ಟು' ಎಂಬ ಅರ್ಥದ ಸೂಚನೆ. ನನಗೆ ಆ ಸೂಚನೆ ತುಂಬಾ ಇಷ್ಟ. ಬಂದವರನ್ನೆಲ್ಲ ಸೇರಿಸಿಕೊಳ್ಳಲು ದಾರಿ ಮಾಡಿಕೊಡುವುದೇ ಮೈನರ್ ಸೆಟ್.

'ಡ್ಯೂಪಲ್ ಮೈನರ್' ಕುಣಿತದಲ್ಲಿ ಎರಡು ಜೋಡಿಗೆ ಒಂದು ಗುಂಪು. 'ಹ್ಯಾಂಡ್ಸ್ ಫೋರ್' ಎಂದು ಕರೆದ ತಕ್ಷಣ ಮೇಲ್ತುದಿಯಿಂದ ನಾಲ್ಕು ನಾಲ್ಕು ಜನ ಕೈಕೈ ಹಿಡಿದು ಉಂಗುರ ಕಟ್ಟುತ್ತಾ ಬರುತ್ತಾರೆ. ಪ್ರತಿ ಉಂಗುರದಲ್ಲೂ ಮೇಲಿನ ಜೋಡಿ 'ಒಂದು', ಕೆಳಗಿನದು 'ಎರಡು'. ರಾಗ ಒಂದು ಸುತ್ತು ಮುಗಿಯುವಾಗ ಎರಡೂ ಜೋಡಿ ಜಾಗ ಬದಲಿಸಿರುತ್ತವೆ. 'ಒಂದು' ಒಂದು ಜಾಗ ಕೆಳಗೆ, 'ಎರಡು' ಒಂದು ಜಾಗ ಮೇಲೆ. ಮುಂದಿನ ಸುತ್ತಿಗೆ ಹೊಸ ನೆರೆಯವರು.

ಆರು ಜೋಡಿ ಇದ್ದರೆ ಮೊದಲ ಸುತ್ತಿನಲ್ಲಿ ಎಲ್ಲರಿಗೂ ಕುಣಿತ. ಎರಡನೇ ಸುತ್ತಿನಲ್ಲಿ ಎರಡೂ ತುದಿಯಲ್ಲಿ ಒಂದೊಂದು ಜೋಡಿ ನಿಂತು ನೋಡಬೇಕು. ಏಳು ಜೋಡಿ ಇದ್ದರೆ ಪ್ರತಿ ಸುತ್ತಿನಲ್ಲೂ ಒಂದು ಜೋಡಿ ಹೊರಗೆ, ಒಮ್ಮೆ ಕೆಳತುದಿಯಲ್ಲಿ, ಒಮ್ಮೆ ಮೇಲ್ತುದಿಯಲ್ಲಿ. ಹಾಗೆ ನಿಂತವರ ಪಾತ್ರ ಬದಲಾಗುತ್ತದೆ. 'ಎರಡು' ಆಗಿ ಮೇಲೆ ಬಂದವರು 'ಒಂದು' ಆಗಿ ವಾಪಸ್ ಇಳಿಯುತ್ತಾರೆ. ಹೊಸಬರು ಎಡವುವುದು ಇಲ್ಲೇ ಜಾಸ್ತಿ. ನಿಂತಿರುವ ಆ ಒಂದು ಸುತ್ತಿನಲ್ಲಿ ಪಕ್ಕದ 'ಒಂದು' ಜೋಡಿಯ ಕಾಲು ನೋಡುತ್ತಿದ್ದರೆ ಸಾಕು, ದಾರಿ ಸಿಗುತ್ತದೆ.

'ಟ್ರಿಪಲ್ ಮೈನರ್'ನಲ್ಲಿ ಮೂರು ಜೋಡಿಗೆ ಒಂದು ಗುಂಪು. ಹೆಚ್ಚಿನ ಕುಣಿತ ಮೊದಲ ಜೋಡಿಯದೇ. ಉದ್ದ ಸಾಲಿನಲ್ಲಿ ಉಳಿದವರು 'ಮೂರು', 'ಎರಡು', ಮತ್ತೆ 'ಮೂರು' ಎನ್ನುತ್ತಾ ನಿಧಾನಕ್ಕೆ ಮೇಲೇರಬೇಕು. ಕಾಯುವುದು ಬೇಜಾರು, ಅಲ್ವಾ? ಅದಕ್ಕೇ ಈಗ ಸಾಲನ್ನು ತುಂಡು ಮಾಡುವ ರೂಢಿ ಇದೆ. ಮೂರೇ ಜೋಡಿಯ ಸೆಟ್ ಮಾಡಿ, ಒಂದು ಸುತ್ತು ಕುಣಿದ ಮೊದಲ ಜೋಡಿಯನ್ನು ನೇರ ಕೊನೆಗೆ ಕಳಿಸುತ್ತಾರೆ. ಮೂರು ಸುತ್ತಿಗೆ ಮೂರೂ ಜೋಡಿಗೆ ಸರದಿ ಸಿಕ್ಕಿರುತ್ತದೆ.

ಸ್ಕಾಟಿಷ್ ಕಂಟ್ರಿ ಡಾನ್ಸಿನವರು ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಅವರ ಸಾಮಾನ್ಯ ಸೆಟ್ಟಿನಲ್ಲಿ ನಾಲ್ಕು ಜೋಡಿ. ಮೂರು ಜೋಡಿಯ ಕುಣಿತವನ್ನು ಮೊದಲ ಜೋಡಿ ಎರಡು ಸಲ ಕುಣಿಯುತ್ತದೆ. ಮೊದಲು ಎರಡು, ಮೂರನೇ ಜೋಡಿಯ ಜೊತೆ, ಆಮೇಲೆ ಮೂರು, ನಾಲ್ಕನೇ ಜೋಡಿಯ ಜೊತೆ. ಅದು ಮುಗಿದ ಕೂಡಲೇ ಸಾಲಿನ ಹಿಂದಿನಿಂದ ಜಾರಿ ಕೊನೆಗೆ ಹೋಗುತ್ತದೆ. ನಾಲ್ಕು ಜೋಡಿಗೆ ಎರಡೆರಡು ಸಲ, ಒಟ್ಟು ಎಂಟು ಸುತ್ತು. 32 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಅಳತೆ) ರಾಗವನ್ನು ವಾದ್ಯದವರು ಎಂಟು ಸಲ ನುಡಿಸುವುದು ಈ ಲೆಕ್ಕಕ್ಕೇ.