ಸ್ಥಳದ ಚರಿತ್ರೆಯನ್ನು ರೇಖಾಚಿತ್ರದಿಂದ ಅರಿಯುವುದು

ಹಳೆಯ ಕಟ್ಟಡವೊಂದರ ಮುಂದೆ ಕುಳಿತು ಚಿತ್ರ ಬರೆಯತೊಡಗಿದರೆ, ಸುಮ್ಮನೆ ನೋಡುವಾಗ ಹೊಳೆಯದ ಪ್ರಶ್ನೆಗಳು ಒಂದೊಂದಾಗಿ ಏಳತೊಡಗುತ್ತವೆ. ಕ್ಯಾಮೆರಾ ಇಡೀ ಗೋಡೆಯನ್ನು ಒಂದೇ ಕ್ಷಣದಲ್ಲಿ ಸೆರೆಹಿಡಿಯುತ್ತದೆ. ಪೆನ್ಸಿಲ್ ಹಿಡಿದವರಾದರೋ ಪ್ರತಿಯೊಂದು ಗೆರೆ ಎಲ್ಲಿ ಹೊರಟು ಎಲ್ಲಿ ನಿಲ್ಲಬೇಕೆಂಬುದನ್ನು ತಾವೇ ತೀರ್ಮಾನಿಸಬೇಕಾಗುತ್ತದೆ. ಹೀಗೆ ಗೆರೆ ತಡೆದು ನಿಲ್ಲುವ ಕಡೆಗಳಲ್ಲಿಯೇ ಸ್ಥಳದ ಚರಿತ್ರೆ ಹೆಚ್ಚಾಗಿ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಟ್ಟಿಗೆ ಗೋಡೆಯೊಂದನ್ನು ವರಸೆ ವರಸೆಯಾಗಿ ಬರೆಯುತ್ತಿದ್ದೇವೆಂದುಕೊಳ್ಳೋಣ. ಒಂದೆಡೆ ವರಸೆಗಳೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ ಕಡಿದುಹೋಗಿ, ಅದರಾಚೆ ಬೇರೆ ಎತ್ತರದಲ್ಲಿ ಮತ್ತೆ ಆರಂಭವಾಗಿದ್ದರೆ, ಎರಡು ಭಾಗಗಳನ್ನು ಬೇರೆ ಬೇರೆ ಕಾಲದಲ್ಲಿ ಕಟ್ಟಿ ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿರುವ ಸಂಭವ ಹೆಚ್ಚು. ಇಟ್ಟಿಗೆಗಳು ಪರಸ್ಪರ ಕಚ್ಚಿಕೊಂಡಿದ್ದರೆ ಎರಡೂ ಒಟ್ಟಿಗೆ ಎದ್ದಿರಬಹುದು. ಆದರೆ ಹಳೆಯ ಗೋಡೆಯನ್ನು ಅಲ್ಲಲ್ಲಿ ಕೆತ್ತಿ ಹೊಸ ಇಟ್ಟಿಗೆಯನ್ನು ಕಚ್ಚಿಸುವುದೂ ಉಂಟಾದ್ದರಿಂದ, ಸಂದಿನ ಗಾರೆಯ ಬಣ್ಣವನ್ನೂ ದಪ್ಪವನ್ನೂ ಚಿತ್ರದ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕು. ಗೋಡೆಯ ನಡುವೆ ಕಮಾನಿನ ಕಲ್ಲುಗಳು ಕಂಡು, ಅದರ ಕೆಳಗೆ ಬಾಗಿಲಾಗಲಿ ಕಿಟಕಿಯಾಗಲಿ ಇಲ್ಲದೆ ಬರೀ ಇಟ್ಟಿಗೆ ತುಂಬಿದ್ದರೆ, ಆ ತುಂಬುಗೋಡೆ ಸಾಮಾನ್ಯವಾಗಿ ಕಮಾನಿಗಿಂತ ಈಚಿನದು. ಎರಡರ ಮೇಲೂ ಹರಡಿರುವ ಗಿಲಾವು ಎರಡಕ್ಕಿಂತಲೂ ಈಚಿನದು. ಯಾವುದು ಯಾವುದನ್ನು ಮುಚ್ಚಿದೆ, ಯಾವುದು ಯಾವುದನ್ನು ಕಡಿದಿದೆ ಎಂದು ಕೇಳುತ್ತ ಹೋದರೆ, ಒಂದು ಇಸವಿಯೂ ಗೊತ್ತಿಲ್ಲದೆಯೇ ಘಟನೆಗಳ ಅನುಕ್ರಮವಾದರೂ ಕೈಗೆ ಬರುತ್ತದೆ.

ಹಿಂದಿನವರು ಬರೆದಿಟ್ಟ ಚಿತ್ರಗಳೂ ಇದೇ ಬಗೆಯ ಸಾಕ್ಷ್ಯಗಳು. 1532ರಲ್ಲಿ ರೋಮಿಗೆ ಬಂದ ಡಚ್ ಕಲಾವಿದ ಮಾರ್ಟೆನ್ ವಾನ್ ಹೇಮ್‌ಸ್ಕರ್ಕ್‌ನ ರೇಖಾಚಿತ್ರಗಳಲ್ಲಿ, ಹೊಸ ಸಂತ ಪೀಟರ್ ಚರ್ಚಿನ ಅರೆಬರೆ ಎದ್ದ ಭಾರಿ ಕಮಾನುಗಳೂ ಅದೇ ಜಾಗದಲ್ಲಿ ಇನ್ನೂ ಕೆಡವದೆ ಉಳಿದಿದ್ದ ಹಳೆಯ ಬೆಸಿಲಿಕಾದ, ಅಂದರೆ ಹಿಂದಿನ ಚರ್ಚಿನ, ಭಾಗಗಳೂ ಒಟ್ಟಿಗೆ ಕಾಣುತ್ತವೆ. ಸುಮಾರು ಎರಡು ಶತಮಾನಗಳ ನಂತರ ಬಂದ ಇಟಲಿಯ ಕಲಾವಿದ ಪಿರನೇಸಿಯ ಮುದ್ರಿತ ಚಿತ್ರಗಳಲ್ಲಿ, ಅದೇ ರೋಮಿನ, ಕ್ರಿ.ಶ. 203ರ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ವಿಜಯಕಮಾನಿನ ಕೆಳಭಾಗ ಮಣ್ಣಿನಲ್ಲಿ ಹೂತಿದೆ. 19ನೇ ಶತಮಾನದ ಉತ್ಖನನಗಳ ನಂತರ ಬುಡದವರೆಗೆ ತೆರೆದು ನಿಂತಿರುವ ಕಮಾನನ್ನಷ್ಟೇ ಕಂಡವರಿಗೆ, ಅಲ್ಲಿನ ನೆಲಮಟ್ಟ ಎಷ್ಟು ಮೇಲೇರಿತ್ತೆಂಬುದು ಈ ಚಿತ್ರಗಳಿಂದ ಮನದಟ್ಟಾಗುತ್ತದೆ.

ವೆನಿಸ್ಸಿನ ಉದಾಹರಣೆ ಇನ್ನೂ ಸ್ವಾರಸ್ಯಕರ. ಅಲ್ಲಿನ ಕಾಲುವೆಗಳ ದಂಡೆಯ ಗೋಡೆಗಳಲ್ಲಿ, ಭರತದ ನೀರು ಮುಟ್ಟುವವರೆಗೆ ಪಾಚಿ ಬೆಳೆದು ಹಸಿರು ಪಟ್ಟಿಯಾಗಿರುತ್ತದೆ. 18ನೇ ಶತಮಾನದಲ್ಲಿ ಆ ನಗರದ ಚಿತ್ರಕಾರ ಕನಲೆಟ್ಟೊ ಮತ್ತು ಅವನ ಸೋದರಳಿಯ ಬೆಲ್ಲೊಟ್ಟೊ ಈ ಪಟ್ಟಿಯನ್ನೂ ಬಿಡದೆ ಚಿತ್ರಿಸಿದ್ದರು. ಅದೇ ಕಟ್ಟಡಗಳ ಮೇಲಿನ ಇಂದಿನ ಪಾಚಿಗೆರೆಯೊಡನೆ ಹೋಲಿಸಿದ ವಿಜ್ಞಾನಿಗಳು, ಈ ಅವಧಿಯಲ್ಲಿ ನೀರಿನ ಮಟ್ಟ ಸುಮಾರು 60 ಸೆಂಟಿಮೀಟರಿನಷ್ಟು ಏರಿದೆಯೆಂದು ಲೆಕ್ಕ ಹಾಕಿದ್ದಾರೆ. ಸಮುದ್ರ ಏರಿದ್ದೂ ನೆಲ ಕುಸಿದಿದ್ದೂ ಈ ಅಂಕಿಯಲ್ಲಿ ಸೇರಿವೆ. ಚಿತ್ರಕಾರರಿಗೆ ಸಮುದ್ರಮಟ್ಟದ ಯೋಚನೆಯೇ ಇರಲಿಲ್ಲ, ಕಂಡದ್ದನ್ನು ಬರೆದರು, ಅಷ್ಟೆ.

ಆದರೆ ಕಂಡದ್ದನ್ನೇ ಬರೆದಿದ್ದಾರೆಂಬ ನಂಬಿಕೆ ಎಲ್ಲ ಕಡೆಯೂ ನಡೆಯುವುದಿಲ್ಲ. ಬೆಲ್ಲೊಟ್ಟೊ ಮುಂದೆ ಪೋಲೆಂಡಿನ ದೊರೆಯ ಆಸ್ಥಾನ ಸೇರಿ ವಾರ್ಸಾ ನಗರದ ದೃಶ್ಯಗಳನ್ನು ಬಿಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ನಗರವನ್ನು ಮತ್ತೆ ಕಟ್ಟುವಾಗ ಆ ಚಿತ್ರಗಳು ಆಧಾರವಾದವು. ಆದರೆ ಅವನು ಕೆಲವು ಮುಂಭಾಗಗಳನ್ನು ಇದ್ದುದಕ್ಕಿಂತ ಅಂದವಾಗಿ ತಿದ್ದಿ ಬರೆದಿದ್ದನು. ವಾರ್ಸಾ ಪಾಲಿಟೆಕ್ನಿಕ್ಕಿನ ವಾಸ್ತುಶಿಲ್ಪ ವಿಭಾಗದವರು ಅಳತೆ ಹಿಡಿದು ಸಿದ್ಧಪಡಿಸಿದ್ದ ನಕ್ಷೆಗಳು, ಯುದ್ಧಕಾಲದಲ್ಲಿ ಪಿಯೊಟ್ರ್‌ಕೂವ್ ಪಟ್ಟಣದ ಕ್ರೈಸ್ತ ಮಠದಲ್ಲಿ ಬಚ್ಚಿಟ್ಟಿದ್ದರಿಂದ ಉಳಿದುಕೊಂಡು, ಅಷ್ಟೇ ಮುಖ್ಯವಾಗಿ ನೆರವಾದವು. ಅಭ್ಯಾಸಿಗಳಾದ ನಮಗೆ ಅನುಕರಣೀಯವಾದುದು ಈ ಎರಡನೆಯ ಬಗೆಯೇ ಎಂದು ನನಗೆ ತೋರುತ್ತದೆ, ಅದರಲ್ಲಿ ಸೊಗಸು ಕಡಿಮೆಯಾದರೂ ಸರಿ.

ಹಳೆಯ ಚಿತ್ರವೊಂದನ್ನು ಪರೀಕ್ಷಿಸುವ ಒಳ್ಳೆಯ ಉಪಾಯವೆಂದರೆ ಚಿತ್ರಕಾರ ನಿಂತಿದ್ದ ಜಾಗವನ್ನು ಹುಡುಕುವುದು. ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಗೋಪುರದ ಅಂಚಿಗೆ ಸರಿಯಾಗಿ ಕೂಡಿದ್ದರೆ, ಸ್ಥಳದಲ್ಲಿಯೂ ಅವೆರಡು ಕೂಡುವವರೆಗೆ ಎಡಬಲಕ್ಕೆ ಸರಿಯಬೇಕು; ಇಂಥದೇ ಇನ್ನೊಂದು ಜೋಡಿ ಸಿಕ್ಕರೆ, ಎರಡು ನೋಟದ ರೇಖೆಗಳು ಸಂಧಿಸುವಲ್ಲಿ ಅವನ ಜಾಗ ಗೊತ್ತಾಗುತ್ತದೆ. ಎಷ್ಟು ಸರಿದರೂ ಜೋಡಿಗಳೆಲ್ಲ ಒಟ್ಟಿಗೆ ಹೊಂದದಿದ್ದರೆ, ಅವನು ಎರಡು ನೋಟಗಳನ್ನು ಒಂದರಲ್ಲಿ ಬೆಸೆದಿರಬಹುದು, ಇಲ್ಲವೇ ಕಟ್ಟಡವೇ ಬದಲಾಗಿರಬಹುದು.

ನಮ್ಮದೇ ಚಿತ್ರಗಳಲ್ಲಿ ಕಣ್ಣಾರೆ ಕಂಡದ್ದಕ್ಕೆ ಅಖಂಡ ಗೆರೆ, ಊಹಿಸಿದ್ದಕ್ಕೆ ಚುಕ್ಕಿಗೆರೆ ಎಂಬ ನಿಯಮವನ್ನು ಮೊದಲಿನಿಂದಲೇ ಪಾಲಿಸುವುದು ಒಳಿತು. ದಿನಾಂಕ, ಉತ್ತರ ದಿಕ್ಕು ಮತ್ತು ಅಳೆದ ಒಂದು ಉದ್ದವಾದರೂ ಹಾಳೆಯ ಮೇಲಿರಬೇಕು. ಕೋಣೆಯ ನಕ್ಷೆಯಾದರೆ ನಾಲ್ಕು ಬದಿಗಳ ಜೊತೆಗೆ ಕರ್ಣಗಳನ್ನೂ ಅಳೆಯಬೇಕು. ಬದಿಗಳ ಅಳತೆಯೊಂದರಿಂದ ಮೂಲೆಗಳು ಮಟ್ಟಸವೋ ಓರೆಯೋ ಎಂಬುದು ತಿಳಿಯುವುದಿಲ್ಲ, ಮತ್ತು ಓರೆಯಾದ ಮೂಲೆ ಎಷ್ಟೋ ಸಲ ಈಗ ಇಲ್ಲವಾದ ಯಾವುದೋ ಹಳೆಯ ರಸ್ತೆಯ ಅಥವಾ ಗೋಡೆಯ ದಿಕ್ಕನ್ನು ಅನುಸರಿಸಿರುತ್ತದೆ.